ಹೊಲದಲ್ಲಿ ಹಳೇ ಬಸ್ ನಿಲ್ಲಿಸಿ ವಾಸ ಮಾಡೋಕೆ ಏನೇನು ಅನುಮತಿ ಬೇಕು? (ಭರಮಸಾಗರ ಹೋಬಳಿ)

ಎರೆಹೊಲ:
ಭರಮಸಾಗರದ ಹತ್ರ 2 ಎಕರೆ ಖುಷ್ಕಿ, ಎರೆಮಣ್ಣು. ಪಹಣಿ ತಂದೆಯವರ ಹೆಸರಲ್ಲಿದೆ. ಕೆಎ-17 ನಂಬರಿನ 11 ಮೀಟರ್ ಖಾಸಗಿ ಬಸ್ ಮಾರಾಟಕ್ಕಿದೆ. ಸೀಟು ಕಿತ್ತು ಮಲಗೋ ಕೋಣೆ, ಅಡುಗೆ ಕಟ್ಟೆ, ಹಿಂದೆ ಬಚ್ಚಲು ಮಾಡೋ ಯೋಚನೆ. ಚಕ್ರ ಇದ್ದರೆ ಅದು ಕಟ್ಟಡವೇ ಅಲ್ಲ, ಯಾರನ್ನೂ ಕೇಳಬೇಕಿಲ್ಲ ಅಂತಾರೆ. ಹೌದಾ? ಮುಂದೆ ಶನಿವಾರ-ಭಾನುವಾರ ಬಾಡಿಗೆಗೆ ಬಿಡಬಹುದಾ?

ಪಹಣಿ_ಟಿಪ್ಪಣಿ:
ಚಕ್ರದ ವಾದ ನಂಬಿಕೊಂಡು ಕೂರಬೇಡಿ. ಕಂದಾಯದವರು ನೋಡೋದು ಜಮೀನನ್ನ ಯಾವುದಕ್ಕೆ ಬಳಸ್ತಿದ್ದೀರಿ ಅಂತ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಕಲಂ 95ರ ಪ್ರಕಾರ ರೈತ ತನ್ನ ಹಿಡುವಳಿಯ ಶೇ. 10 ಮೀರದ ಜಾಗದಲ್ಲಿ, ನಿಗದಿಯಾದ ಗರಿಷ್ಠ ಮಿತಿಯೊಳಗೆ, ತೋಟದ ಮನೆ ಕಟ್ಟಿಕೊಳ್ಳಬಹುದು; ಅದಕ್ಕೆ ಭೂಪರಿವರ್ತನೆ (ಕೃಷಿ ಜಮೀನನ್ನ ಬೇರೆ ಬಳಕೆಗೆ ಬದಲಿಸೋ ಆದೇಶ) ಬೇಡ. ನಿಮ್ಮ 80 ಗುಂಟೆಗೆ ಶೇ. 10 ಅಂದರೆ 8 ಗುಂಟೆ. ಬಸ್ಸು ಸುಮಾರು 300 ಚದರಡಿ, ಗುಂಟೆಗೆ 1089 ಚದರಡಿ, ಅಂದರೆ ಕಾಲು ಗುಂಟೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ವಿಸ್ತೀರ್ಣದ ತಕರಾರೇ ಬರಲ್ಲ.

ತಕರಾರು ಬರೋದು ಬಾಡಿಗೆಯಲ್ಲಿ. ತೋಟದ ಮನೆ ಅಂದರೆ ರೈತ ಮತ್ತು ಅವನ ಕುಟುಂಬದ ವಾಸಕ್ಕೆ, ಸಲಕರಣೆ ಇಡೋಕೆ, ದನ ಕಟ್ಟೋಕೆ. ವಾಣಿಜ್ಯಕ್ಕೆ ಬಾಡಿಗೆ ಕೊಟ್ಟರೆ ಅದು ತೋಟದ ಮನೆ ಅಲ್ಲ ಅಂತ ಅದೇ ಕಲಮಿನ ವಿವರಣೆಯಲ್ಲೇ ಬರೆದಿದೆ. ಆಗ ಜಿಲ್ಲಾಧಿಕಾರಿಗಳಿಂದ ಆ ಗುಂಟೆಗಳ ಪರಿವರ್ತನೆ ಆಗಬೇಕು. ಇಲ್ಲದಿದ್ದರೆ ಕಲಂ 96ರ ದಂಡ. ಬಾಡಿಗೆ ಖಚಿತ ಇದ್ದರೆ ಮೊದಲೇ 11ಇ ನಕ್ಷೆ (ಜಮೀನಿನ ಒಂದು ಭಾಗವನ್ನ ಅಳೆದು ತೋರಿಸೋ ಸರ್ವೆ ನಕ್ಷೆ) ಮಾಡಿಸಿ, ಬೇಕಾದಷ್ಟು ಗುಂಟೆಗೆ ಮಾತ್ರ ಅರ್ಜಿ ಹಾಕಿ. 2 ಎಕರೆಗೂ ಹಾಕಿ ಶುಲ್ಕ ಕಟ್ಟೋದು ವ್ಯರ್ಥ.

ಪಂಚಾಯ್ತಿ ಬೇರೆ ವಿಷಯ. ಪಂಚಾಯತ್ ರಾಜ್ ಕಾಯ್ದೆ 1993ರ ಕಲಂ 64ರಲ್ಲಿ ಕಟ್ಟಡಕ್ಕೆ ಅನುಮತಿ ಬೇಕು, ಷೆಡ್ಡು, ಗುಡಿಸಲು ಕೂಡ ಕಟ್ಟಡವೇ. ಬಸ್ಸಿನ ಮೇಲೆ ತಗಡು ಹಾಕಿ, ಪಕ್ಕಕ್ಕೆ ಕಟ್ಟೆ ಕಟ್ಟಿದ ದಿನ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಕಣ್ಣಿಗೆ ಅದು ಷೆಡ್ಡೇ. ಅಳತೆ ಹಾಕಿದ ಕೈನಕ್ಷೆ, ಪಹಣಿ, ತಂದೆಯವರ ಒಪ್ಪಿಗೆ ಪತ್ರ ಇಟ್ಟು ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಹೊಲ ಹೆದ್ದಾರಿ 48ರ ಪಕ್ಕ ಇದ್ದರೆ ರಸ್ತೆ ಮಧ್ಯದಿಂದ 40 ಮೀಟರ್ ಒಳಗೆ ಏನೂ ನಿಲ್ಲಿಸಬೇಡಿ. 75 ಮೀಟರ್‌ವರೆಗೆ ಹೆದ್ದಾರಿಯವರ ಅನುಮತಿ ಬೇಕು. ನಿಮ್ಮ ಊರು ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ವ್ಯಾಪ್ತಿಯಲ್ಲಿದೆಯಾ ಅಂತಲೂ ವಿಚಾರಿಸಿ.

ಬಾಡಿಬಿಲ್ಡರ್_ದಾವಣಗೆರೆ:
ಮೇಲಿನವರು ಆರ್‌ಟಿಒ ಕಡೆ ಹೇಳಿಲ್ಲ. ದುಡ್ಡು ಹೋಗೋದು ಅಲ್ಲೇ. ಆರ್‌ಸಿ ಚಾಲ್ತಿಯಲ್ಲಿದ್ದರೆ ಬಸ್ಸು ಹೊಲದಲ್ಲಿ ನಿಂತರೂ ಮೂರು ತಿಂಗಳಿಗೊಮ್ಮೆ ಕಟ್ಟೋ ತೆರಿಗೆ ಏರ್ತಾನೇ ಇರುತ್ತೆ. ಕೊಳ್ಳೋಕೆ ಮುಂಚೆ ತೆರಿಗೆ ಬಾಕಿ, ದಂಡ, ಫೈನಾನ್ಸ್ ನೋಡಿ. ಸಾಲ ತೀರಿದ್ದರೆ ಫಾರಂ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸೋ ಅರ್ಜಿ) ಬೇಕೇ ಬೇಕು. ಪರ್ಮಿಟ್ಟನ್ನ ಬಸ್ ಮಾರುವವರೇ ಆರ್‌ಟಿಒಗೆ ಒಪ್ಪಿಸಲಿ.

ಅನುಕ್ರಮ ತಪ್ಪಬಾರದು. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್ ಇರುವಾಗಲೇ ಬಸ್ ಹೊಲಕ್ಕೆ ಬರಲಿ, ಆಮೇಲೆ ನೋಂದಣಿ ರದ್ದು. ಮೊದಲೇ ರದ್ದು ಮಾಡಿದರೆ ಲೋಬೆಡ್ ಟ್ರೇಲರ್ ಬಾಡಿಗೆ ನಿಮ್ಮ ತಲೆ ಮೇಲೆ. ಬಳಕೆಗೆ ಬಾರದ ವಾಹನದ ಬಗ್ಗೆ ಮೋಟಾರು ವಾಹನ ಕಾಯ್ದೆ ಕಲಂ 55ರಂತೆ 14 ದಿನದೊಳಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಚಾಸಿಸ್ ನಂಬರ್ ಇರೋ ತುಂಡು ಕತ್ತರಿಸಿ ತರೋಕೆ ಹೇಳ್ತಾರೆ, ಅದನ್ನ ಗುಜರಿಗೆ ಹಾಕಬೇಡಿ. ಓಡಿಸಿಕೊಂಡೇ ಇರ್ತೀನಿ ಅಂದರೆ ಕಥೆ ಬೇರೆ: ಕಲಂ 52ರ ಮಾರ್ಪಾಡು ಅನುಮತಿ, ಕ್ಯಾರವಾನ್‌ಗೆ ಎಐಎಸ್-124 ಮಾನದಂಡ. ಒಂದು ಬಸ್ಸಿಗೆ ಅಷ್ಟು ಖರ್ಚು ಗಿಟ್ಟಲ್ಲ.

ಎರೆಮಣ್ಣಲ್ಲಿ ಟೈರ್ ಮೇಲೇ ಬಿಟ್ಟರೆ ಒಂದು ಮಳೆಗಾಲಕ್ಕೆ ಒಂದು ಮಗ್ಗುಲು ಇಳಿಯುತ್ತೆ, ಬಾಗಿಲು ಸಿಕ್ಕಿಕೊಳ್ಳುತ್ತೆ, ಗಾಜು ಬಿರಿಯುತ್ತೆ. ಆ ಮಣ್ಣು ನೀರು ಕುಡಿದು ಉಬ್ಬುತ್ತೆ, ಬೇಸಿಗೆಗೆ ಬಿರುಕು ಬಿಡುತ್ತೆ. 2-3 ಅಡಿ ತೆಗೆದು ಗರಸು ತುಂಬಿ, 6 ಇಂಚಿಗೊಂದು ಪದರ ನೀರು ಹಾಕಿ ರೋಲ್ ಮಾಡಿಸಿ. ಮೇಲೆ ಆರು ಕಾಂಕ್ರೀಟ್ ಬೆಡ್, 2.5 ಅಡಿ ಚೌಕ. ಆಧಾರ ಚಾಸಿಸ್ ಫ್ರೇಮಿಗೆ, ಸ್ಪ್ರಿಂಗ್ ಬ್ರಾಕೆಟ್ ಹತ್ತಿರ. ಬಾಡಿ ಅಂಚಿಗೆ ಜಾಕ್ ಕೊಟ್ಟರೆ ತಗಡು ಮಡಚುತ್ತೆ.

ಎರೆಹೊಲ:
ಸರ್, ಬೋರಿನ ಕರೆಂಟಿಂದಲೇ ಬಸ್ಸಿಗೆ ಲೈನ್ ಎಳೆದರೆ? ಬಚ್ಚಲು ನೀರಿಗೆ ಇಂಗುಗುಂಡಿ ಸಾಕಾ?

ಪಹಣಿ_ಟಿಪ್ಪಣಿ:
ಪಂಪ್‌ಸೆಟ್ ಲೈನ್ ಮನೆಗೆ ಬಳಸಿದರೆ ವಿದ್ಯುತ್ ಕಾಯ್ದೆ 2003ರ ಕಲಂ 126, ಎರಡು ಪಟ್ಟು ದರದ ಬಿಲ್ಲು. ಬೆಸ್ಕಾಂನಲ್ಲಿ ಪ್ರತ್ಯೇಕ ಗೃಹ ಸಂಪರ್ಕ ಕೇಳಿ, ಪಂಚಾಯ್ತಿ ಸ್ವೀಕೃತಿ ಅಲ್ಲಿ ಉಪಯೋಗಕ್ಕೆ ಬರುತ್ತೆ.

ಬಾಡಿಬಿಲ್ಡರ್_ದಾವಣಗೆರೆ:
ಇಡೀ ಬಾಡಿ ಕಬ್ಬಿಣ ಅನ್ನೋದು ಮರೆಯಬೇಡಿ. ತಗಡಿನ ತೂತಲ್ಲಿ ರಬ್ಬರ್ ಬುಷ್ ಇಲ್ಲದೆ ವೈರ್ ಎಳೆದರೆ ಅಂಚಿಗೆ ಸಿಪ್ಪೆ ಹರಿದು ಬಸ್ಸೇ ಶಾಕ್ ಹೊಡೆಯುತ್ತೆ. ಪ್ರತ್ಯೇಕ ಅರ್ಥಿಂಗ್, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್) ಎರಡೂ ಹಾಕಿಸಿ. ಇಂಗುಗುಂಡಿ ಎರೆಯಲ್ಲಿ ಇಂಗಲ್ಲ, ಮಳೆಗಾಲಕ್ಕೆ ತುಂಬಿ ಮೇಲೆ ಬರುತ್ತೆ. ಪಾಯಿಖಾನೆಗೆ ಸೆಪ್ಟಿಕ್ ಟ್ಯಾಂಕ್ ಕಟ್ಟಿ, ಅದರ ನೀರು ಗರಸು ಇರೋ ಕಡೆ ಬಿಡಿ, ಕುಡಿಯೋ ಬೋರಿನಿಂದ ಕನಿಷ್ಠ 18 ಮೀಟರ್ ದೂರ. ಸ್ನಾನದ ನೀರು ಬಾಳೆ ಪಾತಿಗೆ ಹೋಗಲಿ.