ಚೀನಾ: ಕಾರ್ಡ್ ಸೇರಿದೆ, ಆದರೆ ಸ್ಕ್ಯಾನ್ ಮಾಡಿದರೆ ದುಡ್ಡು ಹೋಗುತ್ತಿಲ್ಲ

ಪೀಣ್ಯ_ಲೇಥ್:
ಕ್ಯಾಂಟನ್ ಫೇರ್ ಅನ್ನುವ ದೊಡ್ಡ ವ್ಯಾಪಾರ ಮೇಳ ನೋಡಲು ಗುವಾಂಗ್‌ಝೌಗೆ ಬಂದಿದ್ದೇನೆ. ಬರುವ ಮುಂಚೆಯೇ ಇಲ್ಲಿನ ಪೇಮೆಂಟ್ ಆ್ಯಪ್ ಹಾಕಿಕೊಂಡು, ಕಾರ್ಡ್ ಸೇರಿಸಿ, ಪಾಸ್‌ಪೋರ್ಟ್ ಫೋಟೊ ಕೊಟ್ಟೆ, ಎಲ್ಲಾ ಓಕೆ ಅಂತ ಬಂತು. ಇಲ್ಲಿ ಊಟ ಮಾಡಿ ಸ್ಕ್ಯಾನ್ ಮಾಡಿದರೆ ಪೇಮೆಂಟ್ ಫೇಲ್. ಹಿಂದೆ ಜನ ಸಾಲು ನಿಂತಿರುತ್ತಾರೆ, ಅಂಗಡಿಯಾಕೆ ಏನೋ ಹೇಳುತ್ತಾರೆ, ಒಂದೂ ಅರ್ಥ ಆಗುವುದಿಲ್ಲ. ಬ್ಯಾಂಕಿಗೆ ಫೋನ್ ಮಾಡಿದರೆ ಕಾರ್ಡ್ ಸರಿ ಇದೆ ಸರ್ ಅಂತಾರೆ. ತಲೆ ಕೆಟ್ಟಿದೆ. ಗೊತ್ತಿದ್ದವರು ಬೇಗ ಹೇಳಿ.

ತುಂಗಾತೀರ:
ಅಲಿಪೇನಾ, ವೀಚಾಟಾ? ಕಾರ್ಡ್ ಯಾವುದು? ಸುಮ್ನೆ ಫೇಲ್ ಅಂದರೆ ಏನಂತ ಹೇಳುವುದು ಸರ್.

ರಾಜಾಜಿನಗರ_ರೂಟರ್:
ಕೇಳುವುದೇ ಬೇಡ, ಇದು ಇಂಟರ್‌ನ್ಯಾಷನಲ್ ಸ್ವಿಚ್ ಸಮಸ್ಯೆ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದ ಪ್ರಕಾರ ಹೊಸ ಕಾರ್ಡ್‌ನಲ್ಲಿ ವಿದೇಶಿ ಬಳಕೆ ಬಂದ್ ಆಗಿಯೇ ಬರುತ್ತದೆ, ನಾವೇ ಆನ್ ಮಾಡಬೇಕು. ಅದರಲ್ಲೂ ಎಟಿಎಂಗೆ ಬೇರೆ, ಅಂಗಡಿ ಮಷೀನ್‌ಗೆ ಬೇರೆ, ಆನ್‌ಲೈನ್‌ಗೆ ಬೇರೆ. ನೀವು ನಿಂತಿರುವುದು ಅಂಗಡಿಯಲ್ಲೇ ಆದರೂ ಆ್ಯಪ್‌ನಿಂದ ಹೋಗುವ ಪೇಮೆಂಟ್ ಆನ್‌ಲೈನ್ ಲೆಕ್ಕ. ಅದರ ಲಿಮಿಟ್ ಸೊನ್ನೆ ಇದೆಯಾ ನೋಡಿ.

ಪೀಣ್ಯ_ಲೇಥ್:
ಎಲ್ಲಾ ಆನ್ ಇದೆ, ಲಿಮಿಟ್ ಕೂಡ ಇದೆ. ವೀಸಾ ಕ್ರೆಡಿಟ್ ಕಾರ್ಡ್. ಎರಡು ಆ್ಯಪ್‌ನಲ್ಲೂ ಇದೇ ಕಥೆ.

ರಾಜಾಜಿನಗರ_ರೂಟರ್:
ಒಮ್ಮೆ ಆಫ್ ಮಾಡಿ, ಒಂದು ಗಂಟೆ ಬಿಟ್ಟು ಆನ್ ಮಾಡಿ. ನನ್ನ ಭಾವನಿಗೂ ಹೀಗೇ ಆಗಿತ್ತು.

ಮಂಡ್ಯ_ಟು_ಮಕಾವ್:
ವಿಪಿಎನ್ (ನೆಟ್ ಬೇರೆ ದೇಶದಿಂದ ಬಂದಂತೆ ತೋರಿಸುವ ಆ್ಯಪ್) ಹಾಕಿದ್ದರೆ ತೆಗೆಯಿರಿ. ಬೇರೆ ದೇಶದಿಂದ ಬರುತ್ತಿದೆ ಅಂತ ಕಂಡರೆ ತಡೆಯುತ್ತಾರೆ.

ತುಂಗಾತೀರ:
ನಮ್ಮ ಸಿಮ್ ರೋಮಿಂಗ್‌ನಲ್ಲಿದ್ದರೆ ಡೇಟಾ ನಮ್ಮ ಕಂಪನಿಯ ಮೂಲಕವೇ ಹೋಗುತ್ತದೆ, ಅದಕ್ಕೇ ಅಲ್ಲಿ ಬಂದ್ ಇರುವ ಗೂಗಲ್ ಕೂಡ ತೆರೆಯುತ್ತದೆ. ಅಂದಮೇಲೆ ವಿಪಿಎನ್ ಮಾತು ಯಾಕೆ ಬಂತು? ಮೊದಲು ಅವರು ಯಾವ ಸಿಮ್‌ನಲ್ಲಿದ್ದಾರೆ ಅಂತ ಕೇಳಿ.

ಮಂಡ್ಯ_ಟು_ಮಕಾವ್:
ಹೋಟೆಲ್ ವೈಫೈ ಇರಬಹುದಲ್ವಾ? ಸಹಾಯ ಮಾಡೋಕೆ ಬಂದವರಿಗೆ ಹೀಗೆ ಮಾತಾಡಬೇಡಿ.

ಶರಾವತಿ_88:
200 ಯುವಾನ್ ದಾಟಿದರೆ ವಿದೇಶಿ ಕಾರ್ಡ್‌ಗೆ 3% ಶುಲ್ಕ ಬೀಳುತ್ತದೆ, ಅದರ ಮೇಲೆ ನಮ್ಮ ಬ್ಯಾಂಕಿನ ಫಾರೆಕ್ಸ್ ಮಾರ್ಕಪ್ (ವಿದೇಶಿ ಹಣದ ಖರ್ಚಿಗೆ ಹಾಕುವ ಶುಲ್ಕ) ಬೇರೆ. ದೊಡ್ಡ ಬಿಲ್ ಆದರೆ ಎರಡು ಸಲ ಕೊಡ್ತೀನಿ ಅಂತ ಅಂಗಡಿಯವರನ್ನ ಕೇಳಿ ನೋಡಿ.

ರಾಜಾಜಿನಗರ_ರೂಟರ್:
ಅವರಿಗೆ ಒಂದು ಊಟದ ದುಡ್ಡೇ ಹೋಗುತ್ತಿಲ್ಲ, ಶುಲ್ಕದ ವಿಷಯ ಈಗ ಬೇಕಾ? ಸ್ವಿಚ್ ನೋಡಿದ್ರಾ ಸರ್?

ಕಾಫಿ_ತೋಟ:
ನಾವು ಭೂತಾನ್‌ಗೆ ಹೋದಾಗ ಈ ತಲೆನೋವೇ ಇರಲಿಲ್ಲ. 2021ರಿಂದ ಅಲ್ಲಿ ಯುಪಿಐ ಇದೆ. ಪಾರೋದಲ್ಲಿ ಭೀಮ್ ಆ್ಯಪ್‌ನಿಂದಲೇ ಕೊಟ್ಟೆವು. ನನ್ನ ಹತ್ತಿರ ಎರಡು ಫೋನ್, ಎರಡರಲ್ಲೂ ಬೇರೆ ಬ್ಯಾಂಕ್, ಒಂದು ಫಾರೆಕ್ಸ್ ಕಾರ್ಡ್, ಜೊತೆಗೆ ಡಾಲರ್. ಒಂದು ಕೈಕೊಟ್ಟರೆ ಇನ್ನೊಂದು ಇರಬೇಕು.

ತುಂಗಾತೀರ:
ಪೀಣ್ಯ ಸರ್, ಒಂದು ಪ್ರಶ್ನೆ. ಎಲ್ಲಾದರೂ, ಒಂದೇ ಒಂದು ಕಡೆ, ದುಡ್ಡು ಹೋಗಿದೆಯಾ?

ಪೀಣ್ಯ_ಲೇಥ್:
ಹೋಗಿದೆಯಲ್ಲ. ಮೆಟ್ರೊ ಪಕ್ಕದ ದೊಡ್ಡ ಅಂಗಡಿಯಲ್ಲಿ ನೀರು, ಬಿಸ್ಕತ್ತು ತಗೊಂಡಾಗ ತಕ್ಷಣ ಹೋಯಿತು. ಅಲ್ಲಿ ಅವರೇ ನನ್ನ ಫೋನ್ ಸ್ಕ್ಯಾನ್ ಮಾಡಿದರು. ಫೇಲ್ ಆಗುತ್ತಿರುವುದು ಗಲ್ಲಿಯ ನೂಡಲ್ಸ್ ಅಂಗಡಿ, ಹಣ್ಣಿನ ಗಾಡಿ ಇಂಥ ಕಡೆ.

ತುಂಗಾತೀರ:
ಸಿಕ್ಕಿತು ನೋಡಿ. ಕಾರ್ಡ್ ಸರಿ ಇದೆ, ಸ್ವಿಚ್ ಸರಿ ಇದೆ, ನೆಟ್ ಕೂಡ ಸರಿ ಇದೆ. ಸಣ್ಣ ಅಂಗಡಿಯವರು ಎಷ್ಟೋ ಸಲ ಗೋಡೆಗೆ ಅಂಟಿಸುವುದು ತಮ್ಮ ಸ್ವಂತ ಖಾತೆಯ ಕ್ಯೂಆರ್, ವ್ಯಾಪಾರಿ ಖಾತೆಯದ್ದಲ್ಲ. ಅದಕ್ಕೆ ಕೊಡುವುದು ಅಂದರೆ ಒಬ್ಬರಿಂದ ಇನ್ನೊಬ್ಬರಿಗೆ ದುಡ್ಡು ಕಳಿಸಿದ ಲೆಕ್ಕ. ವಿದೇಶಿ ಕಾರ್ಡ್‌ನಿಂದ ಸಾಮಾನ್ಯವಾಗಿ ಅದು ಆಗುವುದಿಲ್ಲ. ನಮ್ಮ ಯುಪಿಐನಲ್ಲಿ ಕ್ರೆಡಿಟ್ ಕಾರ್ಡ್ ಜೋಡಿಸಿದರೂ ಅಷ್ಟೇ ಅಲ್ವಾ, ಅಂಗಡಿಗೆ ಹೋಗುತ್ತದೆ, ಗೆಳೆಯನಿಗೆ ಹೋಗುವುದಿಲ್ಲ. ನೀವು ಸ್ಕ್ಯಾನ್ ಮಾಡಲು ಹೋಗಬೇಡಿ. ಆ್ಯಪ್‌ನಲ್ಲಿ ನಿಮ್ಮ ಪೇ ಕೋಡ್ ತೆರೆದು ತೋರಿಸಿ, ಅವರ ಹತ್ತಿರ ಸ್ಕ್ಯಾನರ್ ಇದ್ದರೆ ಅವರೇ ಹೊಡೆಯಲಿ. ಇಲ್ಲದಿದ್ದರೆ ವ್ಯಾಪಾರಿ ಕ್ಯೂಆರ್ ಇದೆಯಾ ಅಂತ ಅನುವಾದದ ಆ್ಯಪ್‌ನಲ್ಲಿ ಬರೆದು ತೋರಿಸಿ. ಅದೂ ಇಲ್ಲ ಅಂದರೆ ನಗದು ಕೊಡಿ. ಬ್ಯಾಂಕ್ ಆಫ್ ಚೀನಾ ಎಟಿಎಂನಲ್ಲಿ ವೀಸಾ ಕಾರ್ಡ್ ನಡೆಯುತ್ತದೆ, ಆದರೆ ಕ್ರೆಡಿಟ್ ಕಾರ್ಡ್ ಹಾಕಬೇಡಿ, ತೆಗೆದ ದಿನದಿಂದಲೇ ಬಡ್ಡಿ. ಡೆಬಿಟ್ ಹಾಕಿ. 10, 20 ಯುವಾನ್‌ನ ನೋಟು ಇಟ್ಟುಕೊಳ್ಳಿ.

ರಾಜಾಜಿನಗರ_ರೂಟರ್:
ಸರಿ, ಒಪ್ಪಿದೆ. ಆದರೂ ಇದನ್ನು ಓದುವ ಬೇರೆಯವರು ಆನ್‌ಲೈನ್ ಸ್ವಿಚ್ ನೋಡಿಕೊಂಡೇ ವಿಮಾನ ಹತ್ತಿ. ಅಲ್ಲಿಗೆ ಹೋದಮೇಲೆ ಒಟಿಪಿ ಬರದಿದ್ದರೆ ಕಷ್ಟ.

ಪೀಣ್ಯ_ಲೇಥ್:
ನೂಡಲ್ಸ್ ಅಂಗಡಿಯಾಕೆ ಒಳಗಿನಿಂದ ಬೇರೆ ಕ್ಯೂಆರ್ ತಂದರು, ಹೋಯಿತು! ಹಣ್ಣಿನವರ ಹತ್ತಿರ ಒಂದೇ ಇತ್ತು, ನಗದು ಕೊಟ್ಟೆ. ತುಂಬಾ ಥ್ಯಾಂಕ್ಸ್ ತುಂಗಾ ಸರ್.

ಹಾಸನ_ಹುಡುಗಿ:
ಇಲ್ಲೇ ಕೇಳ್ತೀನಿ. ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಕಾರ್ಡ್ ಮೇಲೆ ಅಪ್ಪನ ಇನಿಷಿಯಲ್ ಇದೆ. ಗುರುತು ಪರಿಶೀಲನೆ ಪಾಸಾಗುತ್ತಿಲ್ಲ. ಯಾರಿಗಾದರೂ ಹೀಗಾಗಿದೆಯಾ?

ತುಂಗಾತೀರ:
ಅದು ಬೇರೆ ವಿಷಯ ಮೇಡಂ, ಹೊಸ ಚರ್ಚೆ ಶುರು ಮಾಡಿ. ಯಾವ ಆ್ಯಪ್, ಯಾವ ಕಾರ್ಡ್, ಯಾವ ಹಂತದಲ್ಲಿ ನಿಂತಿತು, ಮೂರನ್ನೂ ಬರೆಯಿರಿ.