ಎನ್‌ಕೆ ಕೋಶಗಳ ಬಗ್ಗೆ ಬಂದ ಫಾರ್ವರ್ಡ್: ಕುಟುಂಬದ ಗುಂಪಿನಲ್ಲಿ ಚರ್ಚೆ

ರಾಘಣ್ಣ: ಮೇಲೆ ಹಾಕಿರುವ ಬರಹವನ್ನು ಎಲ್ಲರೂ ಓದಿ. ತಾಯಿಯ ಎನ್‌ಕೆ ಕೋಶಗಳು (ನ್ಯಾಚುರಲ್ ಕಿಲ್ಲರ್, ಅಂದರೆ ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕಣಗಳು) ಭ್ರೂಣವನ್ನು ಪರಕೀಯವೆಂದು ಕೊಲ್ಲುವುದರಿಂದಲೇ ಗರ್ಭಪಾತವಾಗುತ್ತದೆ, ರಕ್ತಪರೀಕ್ಷೆಯಲ್ಲಿ ಅವು ಹೆಚ್ಚಿದ್ದರೆ ಔಷಧಿಯಿಂದ ಅಡಗಿಸಬೇಕು ಎಂದು ವಿವರಿಸಿದ್ದಾರೆ.

ಸುಮಾ: ರಾಘಣ್ಣ, ದಯವಿಟ್ಟು ಇದನ್ನು ಬೇರೆ ಯಾರಿಗೂ ಕಳಿಸಬೇಡಿ. ಗರ್ಭಧಾರಣೆಯ ಮೊದಲ ಮೂರು ತಿಂಗಳಲ್ಲಿ ಗರ್ಭಕೋಶದ ಒಳಪದರದ ಬಿಳಿ ರಕ್ತಕಣಗಳಲ್ಲಿ ಶೇ. 70ರಷ್ಟು ಎನ್‌ಕೆ ಕೋಶಗಳೇ ಆಗಿರುತ್ತವೆ. ಅವು ಇರುವುದೇ ಅಪಾಯವಾಗಿದ್ದರೆ ಯಾವ ಗರ್ಭವೂ ನಿಲ್ಲುತ್ತಿರಲಿಲ್ಲ. ರಕ್ತದಲ್ಲಿ ಸಂಚರಿಸುವ ಎನ್‌ಕೆ ಕೋಶಗಳಿಗೆ ಹೋಲಿಸಿದರೆ ಇವುಗಳ ಕೊಲ್ಲುವ ಶಕ್ತಿ ತೀರಾ ಕಡಿಮೆ. ಗರ್ಭಕೋಶದ ಸುರುಳಿ ಅಪಧಮನಿಗಳ ಗೋಡೆಯಲ್ಲಿರುವ ಸ್ನಾಯುವನ್ನು ಸಡಿಲಿಸಲು ಇವು ನೆರವಾಗುತ್ತವೆ. ಆಮೇಲೆ ಜರಾಯುವಿನಿಂದ (ಮಾಸಿನಿಂದ) ಹೊರಟ ಟ್ರೋಫೋಬ್ಲಾಸ್ಟ್ ಕೋಶಗಳು ಅಲ್ಲಿಗೆ ಬಂದು ಆ ಕಿರಿದಾದ ನಾಳಗಳನ್ನು ಅಗಲಗೊಳಿಸುವುದರಿಂದ, ತಾಯಿಯ ರಕ್ತವು ರಭಸವಿಲ್ಲದೆ, ಆದರೆ ಧಾರಾಳವಾಗಿ ಜರಾಯುವನ್ನು ತಲುಪುತ್ತದೆ. ಈ ಮಾರ್ಪಾಟು ಅರೆಬರೆಯಾದರೆ ಪ್ರಿಎಕ್ಲಾಂಪ್ಸಿಯಾ (ಗರ್ಭಿಣಿಯರಲ್ಲಿ ರಕ್ತದೊತ್ತಡ ಅಪಾಯಕಾರಿಯಾಗಿ ಏರುವ ಸ್ಥಿತಿ) ಬರಬಹುದು, ಮಗುವಿನ ಬೆಳವಣಿಗೆ ಕುಂಠಿತವಾಗಬಹುದು.

ರಾಘಣ್ಣ: ಇರಲಿ, ಆದರೆ ಮಗುವಿನ ಅರ್ಧದಷ್ಟು ವಂಶವಾಹಿಗಳು ತಂದೆಯವಲ್ಲವೇ? ಬೇರೆಯವರ ಮೂತ್ರಪಿಂಡವನ್ನು ಒಪ್ಪದ ದೇಹ ಇದನ್ನು ಹೇಗೆ ಒಪ್ಪುತ್ತದೆ?

ಸುಮಾ: 1953ರಲ್ಲಿ ವಿಜ್ಞಾನಿ ಪೀಟರ್ ಮೆಡಾವರ್ ಅವರು ಎತ್ತಿದ ಪ್ರಶ್ನೆಯೂ ಇದೇ. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸಲು ಕಾರಣವಾಗುವ, ಕೋಶಗಳ ಮೇಲ್ಮೈಯಲ್ಲಿರುವ ಎಚ್‌ಎಲ್‌ಎ-ಎ ಮತ್ತು ಎಚ್‌ಎಲ್‌ಎ-ಬಿ ಗುರುತುಗಳನ್ನು ಟ್ರೋಫೋಬ್ಲಾಸ್ಟ್ ಕೋಶಗಳು ತೋರುವುದೇ ಇಲ್ಲ. ಅವು ತೋರುವ ಎಚ್‌ಎಲ್‌ಎ-ಸಿಯನ್ನು ಎನ್‌ಕೆ ಕೋಶಗಳು ತಮ್ಮ ಮೇಲ್ಮೈಯಲ್ಲಿರುವ ಗ್ರಾಹಿಗಳಿಂದ (ರಿಸೆಪ್ಟರ್‌ಗಳಿಂದ) ಗುರುತಿಸುತ್ತವೆ. ನನಗೆ ಬಹಳ ಮುಖ್ಯವೆನಿಸುವ ಸಂಗತಿ ಇಲ್ಲಿದೆ: ಕೆಲವು ತಾಯಂದಿರಲ್ಲಿ ಈ ಗ್ರಾಹಿಗಳು ಎನ್‌ಕೆ ಕೋಶಗಳನ್ನು ಅತಿಯಾಗಿ ತಡೆಹಿಡಿಯುವಂಥ ಜೋಡಣೆ ಇದ್ದಾಗ ಪ್ರಿಎಕ್ಲಾಂಪ್ಸಿಯಾದ ಸಂಭವ ಹೆಚ್ಚು. ನೀವು ಹಂಚಿದ ಬರಹವಾದರೋ ಅವನ್ನು ಇನ್ನಷ್ಟು ಅಡಗಿಸಿ ಎನ್ನುತ್ತಿದೆ.

ಲಲಿತಕ್ಕ: ಹಾಗಾದರೆ ಪದೇಪದೇ ಗರ್ಭಪಾತವಾದವರು ಏನು ಮಾಡಬೇಕು ಸುಮಾ? ಅವರಿಗೆ ಸುಮ್ಮನಿರಿ ಎನ್ನಲಾಗುವುದಿಲ್ಲ.

ಸುಮಾ: ಖಂಡಿತ ಸುಮ್ಮನಿರಬಾರದು ಅಕ್ಕ. ರಕ್ತದಲ್ಲಿರುವ ಎನ್‌ಕೆ ಕೋಶಗಳ ಎಣಿಕೆಯಿಂದ ಗರ್ಭಕೋಶದ ಸ್ಥಿತಿ ತಿಳಿಯುವುದಿಲ್ಲ, ಆದರೆ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳ ಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು. ಕನಿಷ್ಠ 12 ವಾರಗಳ ಅಂತರದ ಎರಡನೆಯ ಪರೀಕ್ಷೆಯಲ್ಲೂ ಅವು ಕಂಡುಬಂದರೆ, ಮುಂದಿನ ಗರ್ಭಕ್ಕೆ ವೈದ್ಯರು ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡುತ್ತಾರೆ. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಆ ನೋವಿನಲ್ಲಿರುವ ಹೆಣ್ಣುಮಗಳಿಗೆ, ನಿನ್ನ ದೇಹವೇ ಮಗುವನ್ನು ಕೊಂದಿತು ಎಂದು ಹೇಳುವ ಬರಹ ನಮ್ಮ ಗುಂಪಿನಲ್ಲಿ ಉಳಿಯಬಾರದು.

ರಾಘಣ್ಣ: ಅಳಿಸುತ್ತೇನೆ. ಆ ಎರಡು ಪರೀಕ್ಷೆಗಳ ಸಂಗತಿಯನ್ನು ಪ್ರತ್ಯೇಕವಾಗಿ ಬರೆದು ಹಾಕು, ನನಗೆ ಇದನ್ನು ಕಳಿಸಿದವರಿಗೂ ತಲುಪಿಸುತ್ತೇನೆ.