ಸಹಾಯ ಬೇಕು: ಗೊರಿಲ್ಲಾ ನೋಡಲು ಬ್ವಿಂಡಿಯ ಯಾವ ಕಡೆ ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಅಮ್ಮನ ಜೊತೆ ಮಸಾಯಿ ಮಾರ ಸಫಾರಿ ಮುಗಿಸಿ, ಗೊರಿಲ್ಲಾ ನೋಡಲು ಉಗಾಂಡದ ಬ್ವಿಂಡಿ ಕಾಡಿಗೆ ಹೊರಟಿದ್ದೇವೆ. ರುವಾಂಡದಲ್ಲಿ ಪರ್ಮಿಟ್ ಒಬ್ಬರಿಗೆ 1500 ಡಾಲರ್, ಉಗಾಂಡದಲ್ಲಿ 800. ಎರಡೂ ಕಡೆ ಗೊರಿಲ್ಲಾ ಮುಂದೆ ನಿಲ್ಲಲು ಸಿಗುವುದು ಒಂದೇ ಗಂಟೆ, ಸುಮ್ನೆ ಜಾಸ್ತಿ ಯಾಕೆ ಕೊಡಬೇಕು ಅಲ್ವಾ? ಹಳದಿ ಜ್ವರದ ಲಸಿಕೆಯೂ ಆಯಿತು.

ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ಪರ್ಮಿಟ್ ತೆಗೆದುಕೊಳ್ಳುವಾಗಲೇ ಕಾಡಿನ ನಾಲ್ಕು ಭಾಗಗಳಾದ ಬುಹೋಮ, ರುಹಿಜ, ರುಶಾಗ, ನ್ಕುರಿಂಗೊ ಇವುಗಳಲ್ಲಿ ಒಂದನ್ನು ಆರಿಸಬೇಕು. ಅಮ್ಮನಿಗೆ 63, ಮಂಡಿ ನೋವು ಬೇರೆ. "ತಿರುಪತಿ ಮೆಟ್ಟಿಲೇ ಹತ್ತಿದ್ದೀನಿ, ಇದೇನು ಮಹಾ" ಅಂತಾರೆ! ಇಬ್ಬರು ಏಜೆಂಟರನ್ನು ಕೇಳಿದೆ. ಒಬ್ಬರು ಬುಹೋಮ ಅಂದರು, ಇನ್ನೊಬ್ಬರು ರುಶಾಗ.

ಹೋಗಿ ಬಂದವರು ದಯವಿಟ್ಟು ಹೇಳಿ: ಮಂಡಿ ನೋವಿರುವವರಿಗೆ ಈ ಎರಡರಲ್ಲಿ ಯಾವ ಕಡೆ ಏರು ಕಡಿಮೆ?